ಮಕ್ತಲ್ ಮೈದಾನದಲ್ಲಿ ಕುರಿ ತರುಬಿದ್ದು

ಬೆಳಗಿನ ಮಂಜಿನಲ್ಲಿ ಮಕ್ತಲ್ ಮೈದಾನದ ತುಂಬ ಮೋಡದ ತುಣುಕುಗಳು ಇಳಿದು ಮಲಗಿದಂತೆ ಕಂಡಾಗ, ಉಮಾಶ್ರೀ ತನ್ನ ಕನಸು ಇನ್ನೂ ಮುಗಿದಿಲ್ಲ ಎಂದುಕೊಂಡಳು. ಕನಸಿನಲ್ಲೂ ಇದೇ ಹುಲ್ಲು. ಸುತ್ತ ಜನವೋ ಜನ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕೂಡಿಸಿ ಅವಳು ಕಟ್ಟಿದ ಫುಟ್ಬಾಲ್ ತಂಡ ದೇಶದ ಲೀಗಿನ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಮೊದಲ ಆಟ ಆಡುತ್ತಿತ್ತು.

ಅಷ್ಟರಲ್ಲಿ ಒಂದು ಮೋಡ ಕೆಮ್ಮಿತು.

ಮುದಿ ಕುರುಬ ತಾಯಪ್ಪನ ಕುರಿಗಳು! ಹುಲ್ಲು ಸಮವಾಗಲೆಂದು ನಿನ್ನೆ ಸಂಜೆ ಮೇಯಿಸಲು ಕೇಳಿದವಳು ಅವಳೇ. ಮೇಯಿಸಿ ಹೋಗುವುದು ಬಿಟ್ಟು ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸುವಂತೆ ರಾತ್ರಿಯಿಡೀ ಇಲ್ಲೇ ತರುಬಿದ್ದಾನೆ. ನೆಲದ ತುಂಬ ಹಿಕ್ಕೆ.

"ಟೀಚರಮ್ಮ, ನೆಲಕ್ಕ ಕಸುವು ಬರ್ತೈತ್ರಿ," ಎಂದ ತಾಯಪ್ಪ ಮುಖವರಳಿಸಿ. "ಹೊಲದವ್ರಾದ್ರ ಜ್ವಾಳ ಕೊಡ್ತಾರ. ನಿಮ್ಮಿಂದ ಏನೂ ಬ್ಯಾಡ."

ಕುರುಬನೊಬ್ಬ ಕೊಡಬಹುದಾದ ದೊಡ್ಡ ಕಾಣಿಕೆ ಅದು. ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಆದರೆ ಇವತ್ತೇ ಮೈದಾನ ನೋಡಲು ಲೀಗಿನ ಅಧಿಕಾರಿ ಭಾನುಪ್ರಕಾಶ ಬರುವವರಿದ್ದರು. ಅವರು ಬೇಡವೆಂದರೆ ಈ ವರ್ಷ ತಂಡಕ್ಕೆ ಲೀಗಿನಲ್ಲಿ ಜಾಗವಿಲ್ಲ.

ಮೊದಲ ಬಸ್ಸಿಗೆ ಬಂದ ಆಟಗಾರರು ಕಸಬರಿಗೆ ಹಿಡಿದು ಹಿಕ್ಕೆ ಬಳಿದು ಗುಡಿಸತೊಡಗಿದರು.

"ಚೆಂಡಿಗಿಂತ ಮೊದ್ಲ ಹಿಕ್ಕಿಗಳೇ ಗೋಲ್ ಸೇರ್ತಾವಲೇ!" ಎಂದ ಗದ್ವಾಲದ ಕಲ್ಯಾಣ್.

"ನಿನ್ನ ಕಾಲಿಂದ ಹಂಗಾದ್ರೂ ಒಂದು ಗೋಲ್ ಆಗ್ಲಿ, ಬಳಿ," ಎಂದ ನಾರಾಯಣಪೇಟೆಯ ಶಿವಕಾಂತ.

ಅರ್ಧ ಬಳಿಯುವುದರೊಳಗೆ ಭಾನುಪ್ರಕಾಶರ ಜೀಪು ಗೇಟಿನಲ್ಲಿ ನಿಂತಿತು. ಶಿವಕಾಂತ ಓಡಿ ಬಂದು ಪಿಸುಗುಟ್ಟಿದ: "ಯಾರದೋ ಕುರಿ ನುಗ್ಗ್ಯಾವ ಅಂದ್ಬಿಡ್ರಿ ಮೇಡಂ."

ಪಕ್ಕದಲ್ಲೇ ತಾಯಪ್ಪ ರುಮಾಲು ಸರಿಮಾಡಿಕೊಂಡು, ತನ್ನ ಪರಿಚಯ ಮಾಡಿಸುತ್ತಾರೆಂದು ಕಾದು ನಿಂತಿದ್ದ.

"ಯಾರ ಕುರಿರೀ ಇವು?" ಭಾನುಪ್ರಕಾಶ ಕೇಳಿದರು. ಅವರು ಗಡಿಯಾಚೆಯ ರಾಯಚೂರಿನ ಕಡೆಯವರು, ಕನ್ನಡದವರೇ.

ಉಮಾಶ್ರೀ ತಾಯಪ್ಪನತ್ತ ಕೈ ತೋರಿಸಿದಳು. "ಇವರು ತಾಯಪ್ಪಣ್ಣ. ಇವರವೇ ಸರ್. ನಾನೇ ಕರೆಸಿದ್ದೆ. ರಾತ್ರಿ ತರುಬಿದ್ದು ಇವರ ಪ್ರೀತಿ."

ಭಾನುಪ್ರಕಾಶ ಹಿಕ್ಕೆಯನ್ನೂ ಮುದುಕನನ್ನೂ ನೋಡಿದರು.

"ಹೊರಗಿನವು ನುಗ್ಗ್ಯಾವ ಅಂದಿದ್ರ, ಕಾವಲಿಲ್ಲದ ಮೈದಾನ ಅಂತ ಹಂಗೇ ಗಾಡಿ ತಿರುಗಿಸ್ತಿದ್ದೆ," ಎಂದರು. "ಬಳೀರಿ. ನಾ ಕುಂದ್ರತೀನಿ."

ತಾಯಪ್ಪ ಕಂಬಳಿ ಹಾಸಿದ. ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟ. ಅವರು ಬೇಡವೆನ್ನಲಿಲ್ಲ.

ಮಂಜು ಕರಗುತ್ತ ಬಂದಂತೆ ಮೂರೂರಿನ ಹುಡುಗರು ಒಂದೇ ಸಾಲಿನಲ್ಲಿ ಬಳಿಯುತ್ತ ಬರುವುದು ಕಾಣಿಸಿತು. ಬಳಿದಲ್ಲೆಲ್ಲ ಹುಲ್ಲು ಹಸಿರು ಜಮಖಾನೆಯಂತೆ ಬಿಚ್ಚಿಕೊಂಡಿತು. ಟೇಪಿನ ಅಳತೆ ಮುಗಿಸಿ ಭಾನುಪ್ರಕಾಶ ಚೆಂಡೊಂದನ್ನು ಮೆಲ್ಲಗೆ ಒದ್ದರು. ಅದು ಎಲ್ಲೂ ತಡವರಿಸದೆ, ನೀರಿನ ಮೇಲೆ ಹೋದಂತೆ ಹೋಯಿತು.

"ಇಲ್ಲೇ ಆಡ್ರಿ," ಎಂದರು.

ಹುಡುಗರ ಕೇಕೆಗೆ ಕುರಿಗಳು ಬೆದರಿ ಎದ್ದವು. ಉಮಾಶ್ರೀ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಆಟದ ಹಿಂದಿನ ರಾತ್ರಿ ಮತ್ತ ತರುಬ್ಲೇನ್ರೀ?" ತಾಯಪ್ಪ ಕೇಳಿದ.

"ಬ್ಯಾಡಪ್ಪೋ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಅವನ ಮುಖ ಸಣ್ಣದಾಗುವ ಮೊದಲೇ ಉಮಾಶ್ರೀ ಹೇಳಿದಳು: "ಆಟ ಎಲ್ಲಾ ಮುಗಿದ ಮ್ಯಾಲ ತರುಬಣ್ಣ. ಆಗ ನೆಲಾನೂ ದಣಿದಿರ್ತೈತಿ."