ಅಗಸೆ ಎಣ್ಣೆಯ ಮೀನು

“ಸುಳ್ಳು ಹೇಳೋಕೆ ನನ್ನ ಬಾಯೇನು ಬಾಡಿಗೆಗಿಲ್ಲ ಸಾಹುಕಾರ್ರೆ. ಹಾಕಿದ್ದು ಅಗಸೆ ಎಣ್ಣೆ, ಅಗಸೆ ಎಣ್ಣೆ ಅಂತಲೇ ಹೇಳ್ತೀನಿ.”

ಸಾವಿತ್ರಮ್ಮ ತೌಡು, ಹಿಂಡಿ ಕಲಸುತ್ತಿದ್ದ ಕೈಯನ್ನು ಬಕೆಟ್ಟಿನ ಅಂಚಿಗೆ ಒರೆಸಿದಳು. ಏರಿಯ ಮೇಲೆ ನಿಂತಿದ್ದ ಶಶಿಕಿರಣನ ಮುಖ ಕೆಂಪಾಗಿತ್ತು. ತೋಟ ಅವನದು, ಕೆರೆ ಅವನದು, ಕೆರೆಯ ಮೀನೂ ಅವನದೇ. ಆದರೆ ಐದು ವರ್ಷದಿಂದ ಆ ರೋಹು ಮೀನುಗಳಿಗೆ ಎರಡು ಹೊತ್ತು ತಿನ್ನಿಸಿ, ನೀರುನಾಯಿಗಳನ್ನು ಬೆದರಿಸಿ ಓಡಿಸಿ, ಬೆಳೆಸಿದವಳು ಅವಳು.

“ರೆಸಾರ್ಟಿನ ದಿಲೀಪ್ ಬಂದಾಗ ಸುಮ್ನಿದ್ರೆ ಸಾಕು.”

“ಅವ್ರು ಕೇಳಿದ್ರೆ?”

“ಮೀನೆಣ್ಣೆ ಅನ್ನಿ. ಅಷ್ಟು ಹೇಳೋಕೆ ಗಂಟಲು ಕಟ್ಟತ್ತಾ?”

“ಕಟ್ಟತ್ತೆ,” ಎಂದಳು ಸಾವಿತ್ರಮ್ಮ.

ಈ ಜಗಳ ಶುರುವಾದದ್ದು ಕೆರೆಯಲ್ಲಲ್ಲ, ಕಾಫಿಯಲ್ಲಿ. ಹೋದ ಕೊಯ್ಲಿನಲ್ಲಿ ಮೀನಿನ ಮೇವಿಗೆ ಬೆರೆಸಲು ಮಂಗಳೂರಿನಿಂದ ಎರಡು ಡ್ರಮ್ ಮೀನೆಣ್ಣೆ ಬಂದಿತ್ತು. ಯಾರಾದರೂ ಹೊತ್ತುಕೊಂಡು ಹೋದಾರೆಂದು ಶಶಿಕಿರಣ ಅದನ್ನು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಗೋದಾಮಿನಲ್ಲಿಡಿಸಿ ಬೀಗ ಹಾಕಿಸಿದ. ಬೇಡ, ಒಣಗಿದ ಕಾಫಿ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಹೀರಿಕೊಳ್ಳುತ್ತದೆ ಎಂದು ಅವಳು ಹೇಳಿದ್ದಳು. ಹೊಸಿಲೊಳಗೆ ಮೊಟ್ಟೆಯನ್ನೂ ತಾರದ ಮನೆತನ ಅವನದು. ಡ್ರಮ್ಮಿನ ಬಾಯಿಗೆ ಮೂಗಿಟ್ಟು ನೋಡುವ ಮಾತೇ ಇರಲಿಲ್ಲ. ತಿಂಗಳಾದ ಮೇಲೆ ಕೊಳ್ಳುವವರು ಕಾಫಿ ಹುರಿದು ಕುಡಿದು ನೋಡಿ, ಇದರಲ್ಲಿ ಬಂದರಿನ ನಾತವಿದೆ ಎಂದು ಅಷ್ಟೂ ಮೂಟೆಗಳನ್ನು ವಾಪಸು ಕಳಿಸಿದರು. ಅವತ್ತು ಶಶಿಕಿರಣ ಕಣದಲ್ಲಿ ನಿಂತು ಕೂಗಾಡಿದ. ಇನ್ನು ಮೀನೆಣ್ಣೆ ತೋಟದೊಳಗೆ ಬರಕೂಡದು, ಬೇರೆ ಯಾವ ಎಣ್ಣೆಯನ್ನಾದರೂ ಹಾಕಿಕೊಳ್ಳಿ ಎಂದ.

ಸಾವಿತ್ರಮ್ಮ ಹಾಗೇ ಮಾಡಿದಳು. ಕಣ್ಣುಮುಚ್ಚಿ ಮಾಡಲಿಲ್ಲ. ಉಳಿದ ಡ್ರಮ್ಮನ್ನು ಕೆರೆಯ ಪಂಪ್‌ಶೆಡ್ಡಿಗೆ ಉರುಳಿಸಿಕೊಂಡು ಹೋಗಿ, ಕೆರೆಗೆ ಅಡ್ಡಲಾಗಿ ಬಲೆ ಕಟ್ಟಿ, ಆಚೆಗೆ ಮೀನೆಣ್ಣೆಯ ಉಂಡೆ, ಈಚೆಗೆ ಅಗಸೆ ಎಣ್ಣೆಯ ಉಂಡೆ ಹಾಕಿದಳು. ಹದಿನೈದು ದಿನಕ್ಕೊಮ್ಮೆ ಎರಡೂ ಕಡೆಯ ಮೀನು ಹಿಡಿದು ತಕ್ಕಡಿಗೆ ಹಾಕಿ ತೂಗಿದಳು. ಆರು ತಿಂಗಳಾದರೂ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಮುದ್ರದ ಮೀನು ಹಿಂಡಿ ಕೆರೆಯ ಮೀನಿಗೆ ಕುಡಿಸುವ ಕರ್ಮ ಇನ್ನು ಯಾಕೆ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ಅಷ್ಟರಲ್ಲಿ, ಮೀನೆಣ್ಣೆ ಬೇಡ ಎಂದಿದ್ದ ಶಶಿಕಿರಣನೇ, ಮೀನೆಣ್ಣೆ ತಿಂದ ಮೀನು ಕೊಡುತ್ತೇನೆಂದು ಮಲ್ಲಂದೂರಿನ ಕಡೆಯ ಒಂದು ರೆಸಾರ್ಟಿಗೆ ಮಾತು ಕೊಟ್ಟುಬಿಟ್ಟಿದ್ದ. ಅವರ ಊಟದ ಪಟ್ಟಿಯಲ್ಲಿ ‘ಕಡಲ ಮೀನೆಣ್ಣೆ ಉಂಡು ಬೆಳೆದ ರೋಹು’ ಎಂದು ಅಚ್ಚೂ ಆಗಿತ್ತು.

ಗುರುವಾರ ರೆಸಾರ್ಟಿನ ಅಡುಗೆಮನೆ ನೋಡಿಕೊಳ್ಳುವ ದಿಲೀಪ್ ಬಂದ. ಪಂಪ್‌ಶೆಡ್ಡಿನ ಒಲೆಯ ಮೇಲೆ ಸಾವಿತ್ರಮ್ಮ ಎರಡು ಪಾತ್ರೆ ಸಾರು ಮಾಡಿಟ್ಟಿದ್ದಳು. ಎರಡಕ್ಕೂ ಒಂದೇ ಮಸಾಲೆ, ಒಂದೇ ವಾಟೆಹುಳಿ. ಬಲೆಯ ಆಚೆಯ ಮೀನು ಒಂದರಲ್ಲಿ, ಈಚೆಯದು ಇನ್ನೊಂದರಲ್ಲಿ. ಶಶಿಕಿರಣ ಮೂಗಿಗೆ ಕರವಸ್ತ್ರ ಒತ್ತಿ ದೂರ ನಿಂತ. ದಿಲೀಪ್ ಎರಡನ್ನೂ ತಿಂದು, ಎಡಗಡೆಯ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡ.

“ಇದು ಇದು. ಮೀನೆಣ್ಣೆ ತಿಂದಿದ್ದು ನಾಲಿಗೆಗೇ ಗೊತ್ತಾಗತ್ತೆ ನೋಡಿ.”

ನಾನು ಹೇಳಿರಲಿಲ್ವೇ ಎಂದು ಶಶಿಕಿರಣ ದೂರದಿಂದಲೇ ನಕ್ಕ.

“ಅದು ಅಗಸೆ ಎಣ್ಣೆದು,” ಎಂದಳು ಸಾವಿತ್ರಮ್ಮ.

ದಿಲೀಪ್ ಅಗಿಯುವುದನ್ನು ನಿಲ್ಲಿಸಿದ. ಅವಳು ಬಲೆ ತೋರಿಸಿದಳು, ತೂಕದ ಕಥೆ ಹೇಳಿದಳು, ನಾತ ಹಿಡಿದ ಕಾಫಿಯನ್ನೂ ಬಿಡಲಿಲ್ಲ. ರುಚಿಗೇನೂ ಮೋಸವಿಲ್ಲ, ಆದರೆ ಪಟ್ಟಿ ಅಚ್ಚಾಗಿದೆಯಲ್ಲ, ಬಂದವರಿಗೆ ಏನು ಹೇಳಲಿ ಎಂದು ಅವನು ತಲೆ ಕೆರೆದುಕೊಂಡ. ಬೇರೆ ಅಚ್ಚು ಹಾಕಿಸಿ ಎಂದಳು.

ಶಶಿಕಿರಣ ಕರವಸ್ತ್ರ ತೆಗೆದ. “ಪಾತ್ರೆ ಅದಲು ಬದಲಾಯ್ತು ಅಂತ ಹೇಳಿ ಸಾವಿತ್ರಮ್ಮ. ಈಗ್ಲೇ ಹೇಳಿ. ಇಲ್ಲಾಂದ್ರೆ ನಾಳೆಯಿಂದ ಕೆರೆ ಕಡೆ ಬರ್ಬೇಡಿ.”

ಅವಳಿಗೆ ಸಿಟ್ಟು ನೆತ್ತಿಗೇರಿತು. ಐದು ವರ್ಷದಲ್ಲಿ ಯಾವ ಮೀನು ಯಾವ ಮೂಲೆಯದೆಂದು ತಪ್ಪಿದವಳಲ್ಲ; ಈಗ ತನ್ನ ಬಾಯಿಂದಲೇ ತನ್ನನ್ನು ದಡ್ಡಿ ಎನ್ನಿಸಿಕೊಳ್ಳಬೇಕೆ?

“ನೀವು ಮೀನು ತಿನ್ನಲ್ಲ, ಅದು ನಿಮ್ಮ ಮನೆ ಪದ್ಧತಿ, ನಾನು ಆಡ್ಕೊಳ್ಳಲ್ಲ. ತಿಂದವ್ರ ನಾಲಿಗೆ ಹೇಳಿದ್ದೂ ಬೇಡ ಅಂದ್ರೆ, ಈ ಕೆರೆಗೆ ನಾನ್ಯಾಕೆ? ಪಾತ್ರೆ ಬದಲಾಗಿಲ್ಲ. ನಾಳೆವರೆಗೆ ಕಾಯೋದೂ ಬೇಡ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಮುಂದೆಯೇ ಏರಿ ಹತ್ತಿದಳು. ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ಅವನು ಎರಡು ಸಲ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಕೊಟ್ಟಿಗೆಹಾರದ ಬಸ್ಸು ತಿರುವಿನಲ್ಲಿ ಹಾರನ್ ಹಾಕುತ್ತಿತ್ತು. ಕೈ ಅಡ್ಡ ಹಿಡಿದು ಹತ್ತಿದಳು. ಆ ವಾರದಲ್ಲಿ ಮೂರು ಸಲ ಅವಳನ್ನು ಕರೆಯಲು ಮನೆಗೆ ತೋಟದ ಜೀಪು ಬಂತು. ಮೂರನೆಯ ಸಲ ಶಶಿಕಿರಣನೇ ಬಂದು ಅಂಗಳದಲ್ಲಿ ನಿಂತಿದ್ದ. ಸಾವಿತ್ರಮ್ಮ ಕಾಫಿ ಕೊಟ್ಟಳು, ಕುಡಿದ ಲೋಟ ಎತ್ತಿಟ್ಟಳು. ಕೆರೆಗೆ ಮಾತ್ರ ಹೋಗಲಿಲ್ಲ.