ಹದಿನೇಳನೇ ನಂಬರು

ಏಳನೆಯ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಮೇಷ್ಟ್ರು ಅದನ್ನು ಮುಚ್ಚಿ ಕೆಳಗಿಟ್ಟು ಎಂಟನೆಯದಕ್ಕೆ ಕೈ ಹಾಕಿದರು. ಟೆರೇಸಿನ ಕೋಣೆಯ ಬಾಗಿಲನ್ನು ಅರ್ಧಕ್ಕೆ ಮುಚ್ಚಿದ್ದರು. ಪೂರ್ತಿ ಮುಚ್ಚಿದರೆ ಅನುಮಾನ, ಪೂರ್ತಿ ತೆರೆದಿಟ್ಟರೆ ಅಪಾಯ. ಕೆಳಗೆ ನಡುಮನೆಯಲ್ಲಿ ಲಿಫ್ಟಣ್ಣನ ಹೆಣವಿತ್ತು. ಸುತ್ತ ಕುರ್ಚಿ ಹಾಕಿಕೊಂಡು ಕೂತವರು ಗಾಡಿ ಎಲ್ಲಿಗೆ ಬಂತು, ಎಷ್ಟು ಹೊತ್ತಿಗೆ ಹೊರಡುವುದು ಎಂದು ಪಿಸುಗುಟ್ಟುತ್ತಿದ್ದರು. ಸಾವಿನ ಮನೆಯಲ್ಲಿ ಕಳ್ಳತನ ಎಷ್ಟು ಸಲೀಸು ನೋಡಿ. ಕರವಸ್ತ್ರವನ್ನು ಮುಖಕ್ಕೆ ಹಿಡಿದು ಮೆಟ್ಟಿಲು ಹತ್ತಿದರೆ ಆಯಿತು, ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಸರಿದು ದಾರಿ ಬೇರೆ ಬಿಡುತ್ತಾರೆ.

"ಪಾಪ, ಮೇಷ್ಟ್ರಿಗೆ ತಡಕೊಳ್ಳೋಕಾಗ್ತಿಲ್ಲ. ಜೀವದ ಗೆಳೆಯ ಅಲ್ವಾ," ಎಂದು ಪಕ್ಕದ ಮನೆಯಾಕೆ ಹೇಳಿದ್ದು ಮೆಟ್ಟಿಲ ಮೇಲಿದ್ದಾಗಲೇ ಅವರ ಕಿವಿಗೆ ಬಿದ್ದಿತ್ತು.

ಅವರಿಗೆ ಬೇಕಾಗಿದ್ದದ್ದು ಆರು ವರ್ಷದ ಹಿಂದಿನ ಒಂದೇ ಒಂದು ಹಾಳೆ. ಬೆಳಿಗ್ಗೆ ಊರಿನ ಕಾಲೇಜಿನ ಲೆಕ್ಚರರ್ ಫೋನ್ ಮಾಡಿರದಿದ್ದರೆ ಆ ಹಾಳೆ ತನ್ನ ಪಾಡಿಗೆ ಧೂಳು ತಿಂದುಕೊಂಡು ಬಿದ್ದಿರುತ್ತಿತ್ತು. "ಸರ್, ಲಿಫ್ಟಣ್ಣ ಅವರ ನೋಟ್‌ಬುಕ್ಕೆಲ್ಲಾ ನಮ್ಮ ಕಾಲೇಜಿಗೆ ತಗೊಂಡು ಹೋಗ್ತೀನಿ. ಅವರ ಮನೆಯವರನ್ನ ಕೇಳಿದೆ, ಹೂಂ ಅಂದ್ರು. ಒಂದೊಂದು ಹಾಳೇನೂ ಸ್ಕ್ಯಾನ್ ಮಾಡಿಸಿ ಇಡ್ತೀವಿ," ಎಂದಿದ್ದಳು. ಒಂದೊಂದು ಹಾಳೆಯನ್ನೂ! ಮೇಷ್ಟ್ರು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಚಪ್ಪಲಿ ಮೆಟ್ಟಿದ್ದರು.

*

ಲಿಫ್ಟಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಲಿಫ್ಟಿನ ಬಾಗಿಲಿಗೆ ಕಿವಿಯಾನಿಸಿ, "ಮೇಲಿನ ಬೇರಿಂಗ್ ಹೋಗಿದೆ, ಎಡಗಡೇದು," ಎಂದರೆ ಎಡಗಡೆಯದೇ ಹೋಗಿರುತ್ತಿತ್ತು. ಆ ಕಿವಿಯನ್ನು ಆಕಾಶಕ್ಕೆ ತಿರುಗಿಸಿದ್ದು ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವರಿಗೆ ರೇಡಿಯೋ ಹುಚ್ಚು ಮೊದಲಿನಿಂದಲೂ ಇತ್ತು, ಕಿವಿ ಮಾತ್ರ ಅಷ್ಟಕ್ಕಷ್ಟೆ.

ಆ ಕೆಲಸವೇ ವಿಚಿತ್ರ. ಈಗೀಗ ಒಂದೇ ರಾಕೆಟ್ಟು ಇಪ್ಪತ್ತು ಮೂವತ್ತು ಪುಟಾಣಿ ಸ್ಯಾಟಲೈಟುಗಳನ್ನು ಒಟ್ಟಿಗೆ ಉದುರಿಸಿ ಹೋಗುತ್ತದೆ. ಒಂದೊಂದೂ ಬ್ರೆಡ್ಡಿನ ಪೊಟ್ಟಣದಷ್ಟೇ. ನೆಲದ ಮೇಲಿನ ರಾಡಾರುಗಳು ಎಲ್ಲವನ್ನೂ ಕಂಡು ಒಂದು, ಎರಡು, ಮೂರು ಎಂದು ನಂಬರು ಕೊಡುತ್ತವೆ. ಆದರೆ ಯಾವ ನಂಬರು ಯಾರದು ಎಂದು ಅವಕ್ಕೆ ಗೊತ್ತಿಲ್ಲ. ಹೆರಿಗೆ ವಾರ್ಡಿನಲ್ಲಿ ಕೂಸುಗಳ ಕೈಚೀಟಿ ಉದುರಿಹೋದ ಹಾಗೆ. ಆಗ ಊರೂರುಗಳಲ್ಲಿ ಕೂತ ಇಂಥ ಹವ್ಯಾಸಿಗಳು ಕಿವಿಗೊಟ್ಟು ಕೇಳುತ್ತಾರೆ. ಸ್ಯಾಟಲೈಟಿನ ಕೂಗು ಹತ್ತಿರ ಬರುವಾಗ ಏರಿರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ, ರಸ್ತೆಯಲ್ಲಿ ಬಸ್ಸಿನ ಹಾರ್ನ್ ಇಳಿಯುವ ಹಾಗೆ. ಇಳಿದ ಆ ಕ್ಷಣದ ಟೈಮು ಬರೆದುಕೊಂಡು, ಆ ಹೊತ್ತಿಗೆ ನೆತ್ತಿಯ ಮೇಲಿದ್ದದ್ದು ಯಾವ ನಂಬರು ಎಂದು ಲೆಕ್ಕ ಹಾಕಿದರೆ ಕೂಸಿಗೆ ಹೆಸರು ಸಿಕ್ಕಿತು.

ಕಿವಿ ಲಿಫ್ಟಣ್ಣನದು, ಲೆಕ್ಕ ಮೇಷ್ಟ್ರದು. ಜಗತ್ತಿನ ಬೇರೆ ಬೇರೆ ಮೂಲೆಯವರಿಗೆ ಗೊಂದಲವಾಗದಿರಲಿ ಎಂದು ಈ ಜನ ಎಲ್ಲ ಟೈಮನ್ನೂ ಇಡೀ ಭೂಮಿಗೆ ಒಂದೇ ಆದ ಲೆಕ್ಕದಲ್ಲಿ ಬರೆಯುತ್ತಾರೆ. ಲಿಫ್ಟಣ್ಣ ಅದನ್ನು 'ಲೋಕದ ಟೈಮು' ಎನ್ನುತ್ತಿದ್ದ. ನಮ್ಮ ಗಡಿಯಾರಕ್ಕಿಂತ ಅದು ಐದೂವರೆ ಗಂಟೆ ಹಿಂದೆ. ಕೂಡಿಸಿ ಕಳೆಯುವ ತಲೆನೋವು ಬೇಡವೆಂದು ಈ ಕೋಣೆಯ ಗಡಿಯಾರವನ್ನೇ ಲೋಕದ ಟೈಮಿಗೆ ಇಟ್ಟುಬಿಟ್ಟಿದ್ದ. ನೋಡಿದ, ಬರೆದ, ಮುಗಿಯಿತು.

ಈ ಹವ್ಯಾಸಿಗಳ ಕೂಟದ ಪಟ್ಟಿಯಲ್ಲಿ 'ಕೇಳಿದವರು' ಎಂಬ ಕಾಲಮ್ಮಿಗೆ ಲಿಫ್ಟಣ್ಣನ ಹೆಸರು, 'ಲೆಕ್ಕ' ಎಂಬ ಕಾಲಮ್ಮಿಗೆ ಮೇಷ್ಟ್ರದು. ಎರಡನೆಯ ಕಾಲಮ್ಮನ್ನು ಯಾರು ಓದುತ್ತಾರೆ? ಎಲ್ಲಿ ಹೋದರೂ "ಓ, ನೀವು ಲಿಫ್ಟಣ್ಣ ಅವರ ಫ್ರೆಂಡಲ್ವಾ?" ಎಂದೇ ಕೇಳುತ್ತಿದ್ದರು. ಮೇಷ್ಟ್ರು ನಗುತ್ತಿದ್ದರು. ಒಳಗೆ ಹೊಟ್ಟೆ ಉರಿಯುತ್ತಿತ್ತು.

*

ಎಂಟನೆಯದರಲ್ಲಿ ಸಿಕ್ಕಿತು.

ಆರು ನಲವತ್ತೆರಡು ಎಂದು ನೀಲಿ ಇಂಕಿನಲ್ಲಿತ್ತು. ಪಕ್ಕದಲ್ಲಿ 'ಸಣ್ಣಗೆ, ಆದರೆ ಸ್ಪಷ್ಟ. ಹುಡುಗಿಯರದ್ದೇ' ಎಂದು ಬರೆದಿದ್ದ. ಅದರ ಮೇಲೆ ಸ್ಕೇಲಿಟ್ಟು ನೇರವಾಗಿ ಎಳೆದ ಗೆರೆ. ಕೆಳಗೆ, ಬೇರೆ ಪೆನ್ನಿನಲ್ಲಿ: 'ಹುಡುಗಿಯರದ್ದಲ್ಲ. ಆಸ್ಪತ್ರೆ ಮೆಷೀನಿನ ಶಬ್ದ. ಮೇಷ್ಟ್ರು ಹೇಳಿದರು.'

ಬೈಗುಳವಿರಬಹುದು, 'ಮೋಸಗಾರ' ಎಂದಿರಬಹುದು ಎಂದು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈ ಮನುಷ್ಯ ನಂಬಿಬಿಟ್ಟಿದ್ದನಲ್ಲ.

ಮುಂದಿನ ಹಾಳೆ ತಿರುವಿದರು. 'ಕೇಳಿಸಿತು. ಅನುಮಾನ.' ಅದರ ಮುಂದಿನದು. 'ಕೇಳಿಸಿದ ಹಾಗಾಯಿತು. ಅನುಮಾನ.' ಆರು ವರ್ಷದ ಹಾಳೆಗಳಲ್ಲಿ ಸಾಲು ಸಾಲಾಗಿ ಅದೇ ಮಾತು. ಅಭ್ಯಾಸಬಲ, ಮೇಷ್ಟ್ರ ತಲೆ ತಾನೇ ಲೆಕ್ಕ ಹಾಕತೊಡಗಿತು. ಇದು ಸರಿ. ಇದೂ ಸರಿ. ಇದು ಎಲ್ಲರೂ ಸತ್ತಿದೆ ಎಂದು ಕೈಬಿಟ್ಟ ಸ್ಯಾಟಲೈಟು, ಆ ದಿನ ಬದುಕಿತ್ತು, ಇವನೊಬ್ಬನೇ ಕೇಳಿದ್ದ. ಕೇಳಿ, ಯಾರಿಗೂ ಹೇಳದೆ, 'ಅನುಮಾನ' ಎಂದು ಬರೆದು ಮಲಗಿದ್ದ.

ಬೇಕಾದ ಹಾಳೆಯನ್ನು ಹರಿದು ನಾಲ್ಕಾಗಿ ಮಡಚಿ ಶರ್ಟಿನ ಜೇಬಿಗಿಟ್ಟುಕೊಂಡರು.

*

ಆ ಸಲ ರಾಕೆಟ್ಟು ಇಪ್ಪತ್ತೆಂಟನ್ನು ಉದುರಿಸಿತ್ತು. ಅದರಲ್ಲೊಂದು ಇದೇ ಊರಿನ ಕಾಲೇಜಿನ ಹುಡುಗಿಯರು ನಾಲ್ಕು ವರ್ಷ ಕೂತು ಮಾಡಿದ್ದು. ಮೂರು ದಿನವಾದರೂ ಅದರ ಸುಳಿವಿರಲಿಲ್ಲ. ಲಿಫ್ಟಣ್ಣನ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಗಿ ಅವಳು ವಾರ್ಡಿನಲ್ಲಿ ಮಲಗಿದ್ದದ್ದೂ ಅದೇ ವಾರ. ಲಿಫ್ಟಣ್ಣ ಫ್ಲಾಸ್ಕಿನ ಚೀಲದಲ್ಲೇ ಕೈರೇಡಿಯೋವನ್ನೂ, ಅಳತೆ ಟೇಪು ಕತ್ತರಿಸಿ ಮಾಡಿದ ಆಂಟೆನಾವನ್ನೂ ತುರುಕಿಕೊಂಡು ಹೋಗಿದ್ದ. ವಾರ್ಡಿನಾಚೆಯ ಬಾಲ್ಕನಿಯಲ್ಲಿ ನಿಂತು ಕೇಳಿ, ಗಾಜಿನ ಕಿಟಕಿಯಿಂದ ಒಳಗಿನ ಗೋಡೆ ಗಡಿಯಾರ ನೋಡಿ, ಟೈಮು ಬರೆದು, ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿದ.

"ಮೇಷ್ಟ್ರೇ, ಸಿಕ್ಕಿತು. ಆರು ನಲವತ್ತೆರಡು. ಯಾವ ನಂಬರು ನೋಡಿ."

ಮೇಷ್ಟ್ರು ಲೆಕ್ಕ ಹಾಕಿದರು. "ಆ ಹೊತ್ತಿಗೆ ಇಪ್ಪತ್ತೆಂಟರಲ್ಲಿ ಒಂದೂ ನಮ್ಮ ಮೇಲಿರ್ಲಿಲ್ಲವಲ್ಲೋ. ಆಸ್ಪತ್ರೆ ಮೆಷೀನಿನ ಶಬ್ದ ಕೇಳಿರ್ತೀಯ."

"ಇಲ್ಲ ಮೇಷ್ಟ್ರೇ, ಇಳೀತು. ಚೆನ್ನಾಗಿ ಇಳೀತು."

"ಲೆಕ್ಕ ಸುಳ್ಳು ಹೇಳುತ್ತಾ?"

ಅಲ್ಲಿಯವರೆಗೆ ಮೇಷ್ಟ್ರದು ತಪ್ಪಿಲ್ಲ. ಮಾರನೆಯ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಾಗ ಹೊಳೆಯಿತು. ಅವನು ನೋಡಿದ್ದು ಟೆರೇಸಿನ ಕೋಣೆಯ ಗಡಿಯಾರವಲ್ಲ, ಆಸ್ಪತ್ರೆಯ ಗೋಡೆ ಗಡಿಯಾರ! ಲಿಫ್ಟಣ್ಣ ಬರೆದದ್ದು ಲೋಕದ ಟೈಮಲ್ಲ, ಆಸ್ಪತ್ರೆಯ ಟೈಮು. ಅರ್ಧ ಕೆನ್ನೆಯ ಸೋಪು ಒಣಗುತ್ತಿದ್ದಂತೆಯೇ ಮತ್ತೆ ಲೆಕ್ಕ ಹಾಕಿದರು. ಹದಿನೇಳನೇ ನಂಬರು ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ಫೋನ್ ಕೈಗೆತ್ತಿಕೊಂಡರು. ಆಮೇಲೆ ಫೋನ್ ಕೆಳಗಿಟ್ಟು ತಮ್ಮ ರೇಡಿಯೋ ಹಚ್ಚಿದರು. ಹದಿನೇಳು ಮುಂದೆ ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಬರುತ್ತದೆಂದು ಗೊತ್ತಿದ್ದ ಮೇಲೆ ಅವರ ಮಂದ ಕಿವಿಗೂ ಅದು ಕೇಳಿಸಿತು.

ಆ ಸಲ ಎರಡೂ ಕಾಲಮ್ಮಿನಲ್ಲಿ ಮೇಷ್ಟ್ರ ಹೆಸರೇ ಬಂತು. ಕಾಲೇಜಿನಲ್ಲಿ ಸನ್ಮಾನ, ಪೇಪರಿನಲ್ಲಿ ಫೋಟೋ. ಮೊದಲು ಬಂದು ಕೈ ಹಿಡಿದು ಕುಲುಕಿದವನು ಲಿಫ್ಟಣ್ಣ. "ಒಳ್ಳೇದಾಯ್ತು ಮೇಷ್ಟ್ರೇ. ನನ್ನ ಕಿವಿ ಹೋಯ್ತು ಕಣ್ರೀ. ಯಾವುದೋ ಮೆಷೀನಿನ ಶಬ್ದ ಕೇಳಿ ಕುಣಿದುಬಿಟ್ಟೆ," ಎಂದು ನಕ್ಕಿದ್ದ.

ಡಾಕ್ಟರು ಪರೀಕ್ಷೆ ಮಾಡಿ ಕಿವಿ ಸರಿಯಿದೆ ಎಂದರು. ಅವನು ನಂಬಲಿಲ್ಲ. ಒಂದು ದಿನ ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಕರಕರ ಕೇಳಿಸಿತಂತೆ. ತನ್ನ ಭ್ರಮೆಯಿರಬೇಕೆಂದು ಸುಮ್ಮನಾದ. ಸಂಜೆ ಲಿಫ್ಟು ನಡುವೆ ಸಿಕ್ಕಿಕೊಂಡು ಮುದುಕಿಯೊಬ್ಬಳು ಮೂರು ಗಂಟೆ ಒಳಗೇ ಕೂತಳು. ಆ ವಾರವೇ ಲಿಫ್ಟಣ್ಣ ಕೆಲಸ ಬಿಟ್ಟ. ಸರ್ವಿಸ್ಸು ಇನ್ನೂ ಎರಡು ವರ್ಷವಿತ್ತು.

*

ಮೇಷ್ಟ್ರು ಕೆಳಗಿಳಿದಾಗ ಉಳಿದವರೆಲ್ಲ ಗಾಡಿ ಕಾಯಲು ಹೊರಗೆ ಹೋಗಿದ್ದರು, ಲೆಕ್ಚರರ್ ಬಂದು ಕೂತಿದ್ದಳು. ಆರು ವರ್ಷದ ಹಿಂದೆ ಸ್ಯಾಟಲೈಟು ಮಾಡಿದ ಹುಡುಗಿಯರಲ್ಲಿ ಇವಳೂ ಒಬ್ಬಳು. ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೇಷ್ಟ್ರನ್ನು ಕಂಡು ಎದ್ದು ನಿಂತಳು.

"ಅಮ್ಮಾ, ಇವರಿಲ್ಲದಿದ್ದರೆ ಅವತ್ತು ನಮ್ಮ ಸ್ಯಾಟಲೈಟ್ ಸಿಕ್ತಾನೇ ಇರ್ಲಿಲ್ಲ."

"ಗೊತ್ತಮ್ಮ," ಎಂದರು ಲಿಫ್ಟಣ್ಣನ ಹೆಂಡತಿ. ಅವರು ಗಂಡನ ತಲೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಅತ್ತು ಮುಗಿದ ಮುಖ. "ನಮ್ಮವರೂ ಅದನ್ನೇ ಹೇಳೋರು. ಮೇಷ್ಟ್ರು ಮೇಷ್ಟ್ರು ಅಂತ."

ಲಿಫ್ಟಣ್ಣನ ತಮ್ಮ ಮೇಲೆ ಹೋಗಿ ನೋಟ್‌ಬುಕ್ಕುಗಳನ್ನು ರಟ್ಟಿನ ಡಬ್ಬದಲ್ಲಿ ಹೊತ್ತು ತಂದಿಟ್ಟು ಹೊರಗೆ ಹೋದ. ಲೆಕ್ಚರರ್ ತಮ್ಮ ಸ್ಯಾಟಲೈಟಿನ ಹಾಳೆಯನ್ನೇ ಮೊದಲು ಹುಡುಕಿದಳು. ಯಾರಾದರೂ ಹುಡುಕುವುದು ಅದನ್ನೇ ಅಲ್ಲವೇ?

"ಇದೇನು, ನಮ್ಮದು ಸಿಗೋ ಹಿಂದಿನ ದಿನದ ಹಾಳೇನೇ ಇಲ್ಲ. ಯಾರೋ ಹರಿದಿದಾರೆ."

"ಅವರು ಹಾಳೆ ಹರಿಯೋರಲ್ಲಮ್ಮ. ತಪ್ಪಾದ್ರೂ ಗೆರೆ ಎಳೆದು ಇಟ್ಕೊಳ್ಳೋರು," ಎಂದರು ಹೆಂಡತಿ. "ಹೋಗ್ಲಿ ಬಿಡು. ಅದರಲ್ಲಿದ್ದದ್ದು ನನಗೆ ಬಾಯಿಪಾಠ. ನನ್ನಿಂದಾನೇ ಆಗಿದ್ದು ಅದು. ನಾನು ಆಸ್ಪತ್ರೇಲಿ ಮಲಗದೇ ಇದ್ದಿದ್ರೆ ಮೆಷೀನಿನ ಶಬ್ದ ಕೇಳಿ ಮೋಸ ಹೋಗ್ತಿರ್ಲಿಲ್ಲ. ಕುಣಿದಾಡಿಕೊಂಡು ಬಂದ್ರು ಒಳಗೆ. ಆರು ನಲವತ್ತೆರಡು ಕಣೇ, ಅಂದ್ರು. ನಾನೂ ಗೋಡೆ ಗಡಿಯಾರ ನೋಡ್ದೆ. ಆರು ನಲವತ್ತೈದಾಗಿತ್ತು."

ಲೆಕ್ಚರರ್ ಕೈಯಲ್ಲಿದ್ದ ನೋಟ್‌ಬುಕ್ಕು ಮುಚ್ಚಿತು. "ಗೋಡೆ ಗಡಿಯಾರದಲ್ಲಾ? ನಮ್ಮ ಟೈಮಾ?"

"ಮತ್ತೆ ಇನ್ಯಾರ ಟೈಮು?"

"ಅಮ್ಮಾ, ಆ ಸಂಜೆ ನಮ್ಮದು ನೆತ್ತಿ ಮೇಲೆ ಹೋಗಿದ್ದು ಆರು ನಲವತ್ತೆರಡಕ್ಕೇ. ಆಮೇಲೆ ಲೆಕ್ಕ ಹಾಕಿ ನೋಡಿದ್ವಿ. ನಾವು ಕಾಲೇಜಿನ ಟೆರೇಸ್ ಮೇಲೆ ಆಂಟೆನಾ ಬೇರೆ ಕಡೆ ತಿರುಗಿಸಿಕೊಂಡು ಕೂತಿದ್ವಿ, ಅದಕ್ಕೇ ಆ ಟೈಮು ನಾನು ಸಾಯೋವರೆಗೂ ಮರೆಯಲ್ಲ." ಅವಳ ದನಿ ಸಣ್ಣದಾಯಿತು. "ಅವರು ಕೇಳಿದ್ದು ನಮ್ಮದೇ ಅಮ್ಮಾ. ಎಲ್ಲರಿಗಿಂತ ಮೊದಲು."

ಹೆಂಡತಿ ಲೆಕ್ಚರರ್ ಕಡೆ ನೋಡಲಿಲ್ಲ. ಮೇಷ್ಟ್ರನ್ನು ನೋಡಿದರು.

"ನಿಮಗೆ ಹೊಳೀಲಿಲ್ವಾ ಮೇಷ್ಟ್ರೇ?"

ಹೊಳೆಯಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಎಲ್ಲರೂ ನಂಬುತ್ತಿದ್ದರು, ಅಯ್ಯೋ ಪಾಪ ಎನ್ನುತ್ತಿದ್ದರು. ಆ ಒಂದು ಪದ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮೂವತ್ತು ವರ್ಷ ಮಕ್ಕಳ ಒಂದೊಂದು ತಪ್ಪಿಗೂ ಕೆಂಪು ಗೆರೆ ಎಳೆದ ಕೈ ಜೇಬಿನ ಕಡೆ ಹೋಯಿತು. ಮಡಚಿದ ಹಾಳೆಯನ್ನು ತೆಗೆದು ಟೇಬಲ್ಲಿನ ಮೇಲಿಟ್ಟರು.

"ಮಾರನೇ ದಿನ ಬೆಳಿಗ್ಗೆನೇ ಹೊಳೀತು ಅತ್ತಿಗೆ."

ಮೊದಲು ಅರ್ಥವಾದದ್ದು ಹೆಂಡತಿಗೆ. ಅವರು ಕಿರುಚಲಿಲ್ಲ, ಎದ್ದು ಬಂದು ಕಪಾಳಕ್ಕೆ ಹೊಡೆಯಲೂ ಇಲ್ಲ. ಹೊಡೆಯಲಿ ಎಂದು ಮೇಷ್ಟ್ರು ಕೆನ್ನೆ ಒಡ್ಡಿಕೊಂಡೇ ನಿಂತಿದ್ದರು.

"ಆರು ವರ್ಷ," ಎಂದರು ಅವರು. "ಕುಕ್ಕರ್ ಕೂಗಿದ್ರೆ, 'ಕೂಗ್ತಾ ಏನೇ?' ಅಂತ ನನ್ನ ಕೇಳೋರು. ಯಾರಾದ್ರೂ ಬಾಗಿಲು ಬಡಿದ್ರೆ ನನ್ನ ಮುಖ ನೋಡೋರು, ನಾನು ಎದ್ರೆ ತಾವೂ ಏಳೋರು. ನಾನೇ ಅವರ ಕಿವಿ ತಿಂದೆ ಅಂತ ನಾನು ಒಳಗೊಳಗೇ ಸತ್ತೆ."

"ತಪ್ಪಾಯ್ತು ಅತ್ತಿಗೆ."

"ನನಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿ."

ಹೊರಗೆ ಗಾಡಿ ಬಂದು ನಿಂತಿತು. ಲಿಫ್ಟಣ್ಣನ ತಮ್ಮ ಬಾಗಿಲಲ್ಲಿ ಇಣುಕಿ, "ಅತ್ತಿಗೆ, ಎತ್ತೋಣ್ವಾ?" ಎಂದ.

"ತಡಿ. ಮೇಷ್ಟ್ರು ಏನೋ ಹೇಳೋದಿದೆಯಂತೆ."

ಬಾಗಿಲಲ್ಲಿದ್ದವರಿಗೆ ಒಳಗಿನ ಮಾತು ಕೇಳಿಸಿರಲಿಲ್ಲ. ಮೇಷ್ಟ್ರು ಮಂಡಿಯೂರಿ ಹೆಣದ ಕಡೆ ಬಾಗಿದ್ದು ಕಂಡು ಪಕ್ಕದ ಮನೆಯಾಕೆ ಸೆರಗು ಕಣ್ಣಿಗೊತ್ತಿಕೊಂಡಳು. ಮೇಷ್ಟ್ರು ತುಟಿಯಾಡಿಸಿದರು. ಏನು ಹೇಳಿದರೋ, ಪಕ್ಕದಲ್ಲಿ ನಿಂತ ಲೆಕ್ಚರರ್‌ಗೂ ತಿಳಿಯಲಿಲ್ಲ. ಹೇಳಿ ಏಳಲು ನೋಡಿದರು.

ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಆಸ್ಪತ್ರೆಯವರು ಗಂಡನ ಕಿವಿಗೆ ತುರುಕಿ ಕಳಿಸಿದ್ದ ಹತ್ತಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದು ತೆಗೆದರು. ತಲೆಯನ್ನು ಜೋಪಾನವಾಗಿ ಹೊರಳಿಸಿ ಆಚೆ ಕಿವಿಯದನ್ನೂ ತೆಗೆದರು.

"ಈಗ ಹೇಳಿ. ಟೈಮು, ನಂಬರು, ಎಲ್ಲಾ ಸರಿಯಾಗಿ ಹೇಳಿ."

ಹೊರಗೆ ಯಾರೋ ಡ್ರೈವರಿಗೆ ಸನ್ನೆ ಮಾಡಿದರು, ಇಂಜಿನ್ನು ನಿಂತಿತು. ಹತ್ತಿಯ ಎರಡು ಉಂಡೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆಕೆ ಕಾಯುತ್ತ ನಿಂತರು.