ಬಲಗೋಡೆಯ ಹಿಡಿಕೆ

ರಸ್ತೆಯ ಆ ಬದಿ ಪುರಸಭೆಯದು, ಈ ಬದಿ ನಗರಸಭೆಯದು. ಎಣ್ಣೆ ಸೀಗೆಕಾಯಿಯಂತಿದ್ದ ಇವೆರಡೂ, ಒಬ್ಬರಿಂದಾಗದ ಕೆಲಸವೆಂದು, ಅಂಗವಿಕಲರ ಮನೆಗಳಿಗೆ ಇಳಿಜಾರು, ಬಚ್ಚಲುಮನೆಯ ಗೋಡೆಗೆ ಹಿಡಿಕೆ, ಅಗಲದ ಬಾಗಿಲು ಮಾಡಿಸಲು ಹಣ ಒಟ್ಟು ಹಾಕಿದ್ದವು. ಎಂಜಿನಿಯರ್ ಒಬ್ಬಳೇ, ಕೆಲಸದವರ ತಂಡವೂ ಒಂದೇ. ಜಗಳ ಬೇಡವೆಂದು ಆ ಬದಿಗೊಂದು ಮನೆ, ಈ ಬದಿಗೊಂದು ಮನೆ ಎಂಬ ಕರಾರು. ಮೊದಲ ಸರದಿ ಆ ಬದಿಗೆ ಹೋಯಿತು. ಆ ಬದಿಯಲ್ಲಿದ್ದವಳು ತಂಗಿ. ಈ ಬದಿಯ ಕಿಟಕಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು ನೋಡುತ್ತಿದ್ದವಳು ಅಕ್ಕ.

ಲಕ್ವ ಮೊದಲು ಹೊಡೆದದ್ದು ಅಕ್ಕನಿಗೆ. ಅವಳ ಬಲಭಾಗ ಹೋಗಿ ಎಷ್ಟೋ ಕಾಲವಾದ ಮೇಲೆ ತಂಗಿಯ ಎಡಭಾಗ ಹೋಯಿತು. ಕಾಯಿಲೆಯಲ್ಲೂ ತಾನೇ ಹಿರಿಯಳು, ಸೌಲಭ್ಯ ಮಾತ್ರ ಅವಳಿಗೆ ಮೊದಲು! ಅಕ್ಕನ ಹೊಟ್ಟೆ ಧಗಧಗ ಉರಿಯಿತು. ಚಿಕ್ಕಂದಿನಿಂದಲೂ ಇದೇ ಕತೆ: ಹೊಸ ಚಪ್ಪಲಿ ತಂಗಿಗೆ, "ದೊಡ್ಡವಳು, ನೀನೇ ಹೊಂದ್ಕೊಂಡು ಹೋಗು" ಎಂಬ ಬುದ್ಧಿಮಾತು ಅಕ್ಕನಿಗೆ.

"ಅಕ್ಕಾ, ಈಗ ನಾನೊಬ್ಬಳೇ ಚಿಲಕ ಹಾಕ್ಕೊಂಡು ಸ್ನಾನ ಮಾಡ್ತೀನಿ, ಗೊತ್ತಾ?" ಎಂದು ತಂಗಿ ಫೋನಿನಲ್ಲಿ ಹೇಳಿದ್ದು ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಅಕ್ಕನಿಗೆ ಸೊಸೆ ಸ್ನಾನ ಮಾಡಿಸುತ್ತಿದ್ದಳು. ಒಳ್ಳೆಯ ಹುಡುಗಿ, ಮುಖ ಅತ್ತ ತಿರುಗಿಸಿಕೊಂಡೇ ನೀರು ಹಾಕುತ್ತಿದ್ದಳು. ಆದರೂ ದಿನಾ ಬೆಳಿಗ್ಗೆ ಅಕ್ಕ ನಾಚಿಕೆಯಿಂದ ಮುದುಡಿಹೋಗುತ್ತಿದ್ದಳು. ಬಾಗಿಲು ಮುಚ್ಚಿಕೊಂಡು ಒಂದು ಸ್ನಾನ, ಅವಳಿಗೆ ಬೇಕಿದ್ದುದು ಅಷ್ಟೇ.

ಕೊನೆಗೂ ಈ ಬದಿಯ ಸರದಿ ಬಂತು. ಎಂಜಿನಿಯರ್ ಟೇಪು ಹಿಡಿದು ಬಂದಳು.

"ಅಮ್ಮಾ, ನಿಮಗೆ ಯಾವ ಕೈಯಲ್ಲಿ ಬಲ ಇದೆ? ಬಚ್ಚಲಲ್ಲಿ ಆ ಕಡೆ ಗೋಡೆಗೆ ಹಿಡಿಕೆ ಹಾಕ್ತೀವಿ."

"ನನ್ನ ತಂಗಿಗೆ ಯಾವ ಕಡೆ ಹಾಕಿದ್ರಿ?"

"ಅವರಿಗೆ ಬಲಗಡೆ."

ವಿನಾಶಕಾಲೇ ವಿಪರೀತಬುದ್ಧಿ ಅಂತಾರಲ್ಲ, ಅದು ಇದೇ. ತಂಗಿಗಿಂತ ಬೇರೆಯದು ಎಂದರೆ ತಂಗಿಗಿಂತ ಕಡಿಮೆಯದು ಎಂದೇ ಅಕ್ಕ ಬದುಕಿಡೀ ಕಲಿತಿದ್ದಳು. ಸ್ವಾಧೀನವಿಲ್ಲದ ಬಲಗೈ ಹೊದಿಕೆಯ ಕೆಳಗಿತ್ತು. ಅದು ಅಲ್ಲೇ ಇರಲಿ ಎಂದು, "ನನಗೂ ಬಲಗಡೇನೇ ಹಾಕಿ. ಬಲಗೈ ಗಟ್ಟಿಯಾಗಿದೆ," ಎಂದುಬಿಟ್ಟಳು.

"ಅತ್ತೆ..." ಸೊಸೆ ಬಾಯಿ ತೆರೆದಳು.

"ನೀನು ಸುಮ್ನಿರು. ನನ್ನ ಕೈ ನನಗೆ ಗೊತ್ತಿಲ್ವಾ?"

ಹಿಡಿಕೆ ಬಂತು. ಫಳಫಳ ಹೊಳೆಯುತ್ತಿತ್ತು. ತಂಗಿಯದಕ್ಕಿಂತ ತುಸು ದಪ್ಪವೇ ಇದೆಯೆಂದು ಅಕ್ಕ ಆ ದಿನವೆಲ್ಲ ಬೀಗಿದಳು. ಮರುದಿನ ಸ್ನಾನದ ಪೀಠದ ಮೇಲೆ ಕೂತು, ಎಡಗೈಯನ್ನು ಎದೆಯ ಮೇಲಿಂದ ಬಲಗೋಡೆಯತ್ತ ಚಾಚಿದಳು. ಸಿಕ್ಕಲಿಲ್ಲ. ಇನ್ನಷ್ಟು ವಾಲಿದಳು. ಸೊಸೆ ಓಡಿಬಂದು ಹಿಡಿಯದಿದ್ದರೆ ನೆಲಕ್ಕೇ ಬೀಳುತ್ತಿದ್ದಳು. ತಂಡ ಆಗಲೇ ಆ ಬದಿಗೆ ದಾಟಿತ್ತು. ಬದಲಾಯಿಸಬೇಕಾದರೆ ಮತ್ತೆ ಸರದಿ ಕಾಯಬೇಕು, ಜೊತೆಗೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಳ್ಳಬೇಕು.

"ಯಾರಿಗೂ ಹೇಳ್ಬೇಡ. ಅದರಲ್ಲೂ ಅವಳಿಗೆ," ಎಂದು ಸೊಸೆಯ ಬಾಯಿ ಕಟ್ಟಿದಳು.

ಅದೇ ವಾರ ಆ ಬದಿಯ ನೀರಿನ ಪೈಪು ಒಡೆಯಿತು. ಬೆಳಿಗ್ಗೆಯೇ ತಂಗಿ ತನ್ನ ಗಾಲಿಕುರ್ಚಿಯಲ್ಲಿ ಬಟ್ಟೆ ಸೋಪಿನ ಸಮೇತ ಹಾಜರು.

"ನಮ್ಮಲ್ಲಿ ಒಂದು ತೊಟ್ಟು ನೀರಿಲ್ಲ ಅಕ್ಕಾ. ನಿಂದು ಸ್ನಾನ ಆಯ್ತಾ?"

"ನಂದು ಆಮೇಲೆ," ಎಂದಳು ಅಕ್ಕ. ಬೇರೇನು ಹೇಳಿಯಾಳು?

ತಂಗಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು. ನಲ್ಲಿ ಜೋರಾಗಿ ಸುರಿಯತೊಡಗಿತು.

"ಅಕ್ಕಾ!" ಒಳಗಿನಿಂದ ಖುಷಿಯ ಕೂಗು ಬಂತು. "ಹಿಡಿಕೆ ಎಷ್ಟು ಸರಿಯಾಗಿದೆಯೇ! ನನಗೇ ಅಂತ ಮಾಡಿಸಿದ ಹಾಗಿದೆ!"

ಅಕ್ಕ ಹಲ್ಲು ಕಚ್ಚಿಕೊಂಡು, "ನಿಧಾನವಾಗಿ ಮಾಡ್ಕೊಂಡು ಬಾ," ಎಂದಳು. ಅವಳ ಪಕ್ಕದಲ್ಲಿ ಸೊಸೆ, ಅತ್ತೆಯ ಟವೆಲು ಹೆಗಲ ಮೇಲೆ ಹಾಕಿಕೊಂಡು, ಮುಖ ಅತ್ತ ತಿರುಗಿಸಿ ನಿಂತಿದ್ದಳು.